ಲೀಡ್ ಕೋರ್ ಅಂಡ್ ಶೆಲ್

ಒಳಾಂಗಣ ಪೂರ್ಣಗೊಳ್ಳದ ಕಟ್ಟಡಗಳಿಗೆ ಅಮೆರಿಕದ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ (ಸ್ಥಾಪನೆ 1993) ರೂಪಿಸಿದ 'ಲೀಡ್' ಹಸಿರು ಕಟ್ಟಡ ಪ್ರಮಾಣೀಕರಣದ ಒಂದು ವರ್ಗ. ಬಾಡಿಗೆಗೆಂದೇ ಕಟ್ಟುವ ಕಚೇರಿ ಸಮುಚ್ಚಯಗಳಲ್ಲಿ ಅಡಿಪಾಯ, ಹೊರಗೋಡೆ, ಲಿಫ್ಟ್, ಮುಖ್ಯ ವಿದ್ಯುತ್ ಮತ್ತು ಹವಾನಿಯಂತ್ರಣ ವ್ಯವಸ್ಥೆಗಳು ಮಾಲೀಕನ ಪಾಲು. ಒಳಗಿನ ವಿಭಜಕ ಗೋಡೆ, ದೀಪ, ನೆಲಹಾಸು, ಪೀಠೋಪಕರಣ ಬಾಡಿಗೆದಾರನ ಪಾಲು. ಪ್ರಮಾಣಪತ್ರ ಕೊಡುವ ಹೊತ್ತಿಗೆ ಒಟ್ಟು ನೆಲವಿಸ್ತೀರ್ಣದ ಶೇ. 40ಕ್ಕಿಂತ ಹೆಚ್ಚು ಭಾಗ ಅಪೂರ್ಣವಾಗಿದ್ದರೆ ಈ ವರ್ಗ ಅನ್ವಯಿಸುತ್ತದೆ. ಅಪೂರ್ಣ ಭಾಗ ಅದಕ್ಕಿಂತ ಕಡಿಮೆಯಿದ್ದರೆ ಯೋಜನೆ 'ಹೊಸ ನಿರ್ಮಾಣ' ವರ್ಗಕ್ಕೆ ಸೇರುತ್ತದೆ.

ತೊಡಕಿರುವುದು ಲೆಕ್ಕಾಚಾರದಲ್ಲಿ. ಯಾರು ಬರುತ್ತಾರೆ, ಎಷ್ಟು ಜನ ಕೂರುತ್ತಾರೆ ಎಂಬುದು ತಿಳಿಯುವ ಮೊದಲೇ ನೀರು, ವಿದ್ಯುತ್ ಬಳಕೆಯನ್ನು ಅಂದಾಜಿಸಬೇಕು. ಆದ್ದರಿಂದ ಬಳಕೆದಾರರ ಸಂಖ್ಯೆಗೆ ಮೊದಲೇ ನಿಗದಿಪಡಿಸಿದ ಅಂಕಿಗಳನ್ನು ಬಳಸುತ್ತಾರೆ. ಮಾಲೀಕರು ಬಾಡಿಗೆದಾರರಿಗೆ ವಿನ್ಯಾಸ ಮಾರ್ಗಸೂಚಿ ಕೊಡುತ್ತಾರೆ. ಆದರೆ ಮಾರ್ಗಸೂಚಿ ಬರೀ ಸಲಹೆ, ಪಾಲಿಸಲೇಬೇಕೆಂದಿಲ್ಲ. ಬಾಡಿಗೆ ಕರಾರಿನಲ್ಲೇ ಷರತ್ತು ಬರೆಸಿದರೆ ಮಾತ್ರ ಅದಕ್ಕೆ ಬಲ. ಪ್ಲಾಟಿನಂ ದರ್ಜೆಗೆ ಒಟ್ಟು 110 ಅಂಕಗಳಲ್ಲಿ ಕನಿಷ್ಠ 80 ಬೇಕು. ನಿರ್ಮಾಣ ಮುಗಿಯುವ ಮುನ್ನವೇ ಬಾಡಿಗೆದಾರರನ್ನು ಸೆಳೆಯಲು 'ಪೂರ್ವ ಪ್ರಮಾಣೀಕರಣ'ವನ್ನೂ ಪಡೆಯಬಹುದು. ಇದು ಪರಿಸರಕ್ಕಿಂತ ಮಾರುಕಟ್ಟೆಗೆ ಹೆಚ್ಚು ಒದಗುವ ಸೌಲಭ್ಯ.

ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಖಾಲಿ ಮಹಡಿಗಳನ್ನು ಹೀಗೆ ಬಾಡಿಗೆಗೆ ಕೊಡುವುದು ರೂಢಿ. ಹೈದರಾಬಾದಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಹಸಿರು ಕಟ್ಟಡ ಮಂಡಳಿ (ಸ್ಥಾಪನೆ 2001) ತನ್ನ ಹೊಸ ಕಟ್ಟಡಗಳ ಶ್ರೇಣೀಕರಣದಲ್ಲಿ ಮಾಲೀಕರೇ ಬಳಸುವ ಕಟ್ಟಡಗಳನ್ನೂ ಬಾಡಿಗೆದಾರರು ಬಳಸುವ ಕಟ್ಟಡಗಳನ್ನೂ ಬೇರೆಬೇರೆಯಾಗಿ ಪರಿಗಣಿಸುತ್ತದೆ.