1948: ಅಜ್ಜ-ಅಜ್ಜಿಯರ ಬಾಯಲ್ಲಿ ಉಳಿದ ಇತಿಹಾಸ

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಐದೇ ದಿನಗಳಲ್ಲಿ ಕಾರ್ಯಾಚರಣೆ ಮುಗಿಯಿತು. ಬೀದರ್, ಕಲಬುರಗಿ, ರಾಯಚೂರು ಕಡೆ ಆ ಕಾಲಕ್ಕೆ ಒಂದೇ ಹೆಸರಿಲ್ಲ. ಹಿಂದೂಗಳ ಮನೆಗಳಲ್ಲಿ ಅದು ‘ರಜಾಕಾರರ ಹಾವಳಿ’. ಮುಸ್ಲಿಮರ ಮನೆಗಳಲ್ಲಿ ‘ಪೊಲೀಸ್ ಆಕ್ಷನ್’. ಸರಕಾರಿ ಸಮಾರಂಭಗಳಲ್ಲಿ ‘ವಿಮೋಚನೆ’. ಮೂರನೆಯದಕ್ಕೆ ಭಾಷಣಗಳೂ ಪಠ್ಯಪುಸ್ತಕಗಳೂ ಇವೆ. ಮೊದಲನೆಯದು ಹೋರಾಟಗಾರರ ಬರಹಗಳಲ್ಲಿ ಅಷ್ಟಿಷ್ಟು ದಾಖಲಾಗಿದೆ. ಎರಡನೆಯದು ಮಾತ್ರ ಬಹುಮಟ್ಟಿಗೆ ಮನೆಯೊಳಗೇ, ತಗ್ಗಿದ ದನಿಯಲ್ಲಿ ಉಳಿಯಿತು.

ಕಾಗದದ ದಾಖಲೆ ಇರಲೇ ಇಲ್ಲವೆಂದಲ್ಲ. ಸೇನಾ ಕಾರ್ಯಾಚರಣೆಯ ವೇಳೆ ಮತ್ತು ಅದರ ಬೆನ್ನಿಗೇ ನಡೆದ ಹತ್ಯೆ, ಲೂಟಿಗಳ ಸುದ್ದಿ ದಿಲ್ಲಿಗೆ ತಲುಪಿದಾಗ ನೆಹರೂ ಸರಕಾರ ಒಂದು ತಂಡ ಕಳುಹಿಸಿತು. ಅದರಲ್ಲಿದ್ದವರು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ. ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಅವರು ಸುತ್ತಿದರು. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದರು. ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಅವರ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ಇಂದು ಕರ್ನಾಟಕದಲ್ಲಿವೆ: ಬೀದರ್ ಮತ್ತು ಗುಲ್ಬರ್ಗಾ. ಈ ಅಂದಾಜನ್ನು ಅಂದಿನ ಅಧಿಕಾರಸ್ಥರೇ ಒಪ್ಪಲಿಲ್ಲ. ವರದಿ ಕಡತ ಸೇರಿತು. ನಡುವೆ ಕೆಲವು ಭಾಗಗಳು ಹೊರಬಂದವಾದರೂ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರ ಓದಿಗೆ ಸಿಕ್ಕಿದ್ದು 2013ರಲ್ಲಿ. ಅಷ್ಟರಲ್ಲಿ 65 ವರ್ಷ ಕಳೆದಿತ್ತು. ಹೇಳಿಕೆ ಕೊಟ್ಟವರಲ್ಲಿ ಎಷ್ಟು ಮಂದಿ ಉಳಿದಿದ್ದಾರು!

ಆ ವರದಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ಒಂದು ಸಂಗತಿಯಿದೆ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಮ್ ನೇಕಾರರ ಪರ ನಿಂತು, ಜೀವ ತೆತ್ತೂ ಅವರನ್ನು ಕಾಪಾಡಿದರಂತೆ. ಯಾವ ಊರು? ಯಾರ ಮಗ್ಗದ ಮನೆ? ಅದನ್ನು ವರದಿ ಹೇಳುವುದಿಲ್ಲ. ಹೇಳಬಲ್ಲವರು ಆ ಮನೆಗಳ ಹಿರಿಯರು. ಅಂದು ಎಂಟು ವರ್ಷದ ಹುಡುಗಿಯಾಗಿದ್ದವರಿಗೆ ಇಂದು ಎಂಬತ್ತೈದು ದಾಟಿದೆ.

ಇಂಥ ಕೆಲಸ ಅದೇ ಸಂಸ್ಥಾನದ ತೆಲುಗು ಭಾಗದಲ್ಲಿ ನಡೆದಿದೆ. ತೆಲಂಗಾಣದ ಸಶಸ್ತ್ರ ರೈತ ಹೋರಾಟದಲ್ಲಿದ್ದ ಮಹಿಳೆಯರನ್ನು ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯವರು ಹುಡುಕಿಕೊಂಡು ಹೋಗಿ, ಅವರ ಬಾಳಕಥೆಗಳನ್ನು ಅವರದೇ ಮಾತಿನಲ್ಲಿ 1986ರಲ್ಲಿ ಪುಸ್ತಕವಾಗಿಸಿದರು. ನಾಯಕರ ಚರಿತ್ರೆಗಳಲ್ಲಿ ಜಾಗ ಸಿಗದ ಅದೆಷ್ಟೋ ವಿಷಯಗಳು ಅಲ್ಲಿ ಬಂದವು. ನಮ್ಮ ಭಾಗದ ದಾದಿ-ನಾನಿಯರನ್ನು ಹಾಗೆ ಕೇಳಿದವರು ಕಡಿಮೆ.

ಕೇಳುವುದಕ್ಕೂ ಒಂದು ಹದ ಬೇಕು. ಎದುರು ಕುಳಿತ ಕೂಡಲೇ ‘ಎಷ್ಟು ಜನ ಸತ್ತರು’ ಎಂದರೆ ಹಿರಿಯರು ಮಾತು ಮುಚ್ಚಿಬಿಡುತ್ತಾರೆ. ಅವರ ಬಾಲ್ಯದ ಓಣಿ, ಮದುವೆ, ಆ ವರ್ಷದ ಬೆಳೆ, ಊರು ಬಿಟ್ಟಾಗ ಗಂಟಿನಲ್ಲಿ ಕಟ್ಟಿಕೊಂಡ ಸಾಮಾನು, ಇವುಗಳಿಂದ ಶುರು ಮಾಡಬೇಕು. ಇಸವಿ ತಪ್ಪಿದರೆ ತಿದ್ದುವ ಗೋಜಿಗೆ ಹೋಗಬಾರದು. ಇಸವಿ ಕಡತಗಳಲ್ಲಿ ಸಿಗುತ್ತದೆ, ಬಾಗಿಲು ತೆರೆದು ಒಳಗೆ ಕರೆದುಕೊಂಡವರ ಹೆಸರು ಸಿಗುವುದಿಲ್ಲ. ಪಕ್ಕದಲ್ಲಿ ಕುಳಿತ ಮಗನೋ ಮೊಮ್ಮಗನೋ ‘ಅದಲ್ಲ ಅಮ್ಮಾ’ ಎಂದು ಮಾತು ಕಸಿದುಕೊಳ್ಳುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅವರನ್ನು ನಯವಾಗಿ ಹೊರಗೆ ಕಳುಹಿಸುವುದು ಲೇಸು. ಹೆಂಗಸರ ಮೇಲಾದ ಅತ್ಯಾಚಾರಗಳ ಕುರಿತು ಅಜ್ಜಿ ಮೌನವಾದರೆ ಆ ಮೌನವನ್ನು ಕೆದಕುವ ಹಕ್ಕು ನಮಗಿಲ್ಲ. ಹೆಸರು ಹೊರಗೆ ಬರಬೇಕೇ ಬೇಡವೇ ಎಂಬುದನ್ನೂ ಅವರೇ ನಿರ್ಧರಿಸಲಿ.

ದಖನಿಯಲ್ಲಿ ಹೇಳಿದ್ದನ್ನು ದಖನಿಯಲ್ಲೇ ಇಟ್ಟುಕೊಳ್ಳಬೇಕು. ಅದನ್ನು ಲಖನೌದ ಉರ್ದುವಿಗೋ ಪುಸ್ತಕದ ಕನ್ನಡಕ್ಕೋ ತಿರುಗಿಸಿದರೆ ಅರ್ಧ ಅನುಭವ ಅಲ್ಲೇ ಸೋರಿಹೋಗುತ್ತದೆ.

ಮುಸ್ಲಿಮರ ಕಥೆಗಳನ್ನಷ್ಟೇ ಸಂಗ್ರಹಿಸಿದರೆ ಅದೂ ಅರೆಬರೆ ಇತಿಹಾಸವೇ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲೇ ರಜಾಕಾರರು ನಡೆಸಿದ ಕಗ್ಗೊಲೆಯನ್ನು ನೆನಪಿಟ್ಟ ಮನೆಗಳಿಗೂ ಇದೇ ಗೌರವದಿಂದ ಹೋಗಬೇಕು. ಒಂದೇ ಊರಿನ ಎರಡು ಓಣಿಗಳ ನೆನಪು ಅಕ್ಕಪಕ್ಕ ಕುಳಿತಾಗಲೇ ಯಾರು ಯಾರನ್ನು ಅಡಗಿಸಿಟ್ಟರು, ಯಾರ ಹೊಲ ಯಾರ ಕೈಸೇರಿತು ಎಂಬುದು ತಿಳಿದೀತು.

ಇದಕ್ಕೆ ಇಂದು ದೊಡ್ಡ ಸಲಕರಣೆಯೇನೂ ಬೇಡ. ಫ್ಯಾನ್ ನಿಲ್ಲಿಸಿ, ಮೊಬೈಲನ್ನು ಹಿರಿಯರ ಹತ್ತಿರವಿಟ್ಟರೆ ಸಾಕು. ಆರಂಭದಲ್ಲೇ ಹೆಸರು, ಊರು, ದಿನಾಂಕ ಹೇಳಿಸಿ, ಎರಡು ಪ್ರತಿ ಮಾಡಬೇಕು: ಒಂದು ಮನೆಗೆ, ಒಂದು ಹೊರಗೆ. ಗುಲಬರ್ಗಾ ವಿಶ್ವವಿದ್ಯಾಲಯ ಅಥವಾ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಂಥ ಧ್ವನಿಮುದ್ರಣಗಳಿಗೆ ಒಂದು ಕೋಣೆ ತೆರೆಯುವುದು ಅಸಾಧ್ಯವೇನಲ್ಲ. ಅಲ್ಲಿಯತನಕ ಮೊಮ್ಮಕ್ಕಳ ಮೊಬೈಲುಗಳೇ ನಮ್ಮ ದಾಖಲೆ ಭಂಡಾರ.