ಹಂಪೆಯ ರಥಬೀದಿಯೂ ಪ್ರಾಚೀನ ನಗರ ಸಂರಕ್ಷಣೆಯೂ

ಪ್ರಾಚೀನ ನಗರವನ್ನು ಕಾಪಾಡುವುದೆಂದರೆ ಅದರ ಕಲ್ಲುಗಳನ್ನು ಮಾತ್ರ ಕಾಪಾಡುವುದೋ, ಆ ಕಲ್ಲುಗಳ ನೆರಳಿನಲ್ಲಿ ಬಾಳುವ ಜನರನ್ನೂ ಕಾಪಾಡುವುದೋ ಎಂಬ ಪ್ರಶ್ನೆಯು ಹಂಪೆಯಲ್ಲಿ ಎದ್ದಷ್ಟು ತೀವ್ರವಾಗಿ ನಮ್ಮ ನಾಡಿನಲ್ಲಿ ಬೇರೆಲ್ಲಿಯೂ ಎದ್ದುದಿಲ್ಲ.

ಶ್ರೀ ವಿರೂಪಾಕ್ಷಸ್ವಾಮಿಯ ಮಹಾಗೋಪುರದಿಂದ ಮೂಡಣಕ್ಕೆ ಏಕಶಿಲೆಯ ಬಸವಣ್ಣನವರೆಗೆ ಚಾಚಿರುವ ರಥಬೀದಿಯನ್ನು ಭಕ್ತಮಹಾಶಯರಲ್ಲಿ ಅನೇಕರು ಕಂಡಿರುವಿರಿ. ಇಕ್ಕೆಲಗಳಲ್ಲಿಯೂ ಸಾಲುಮಂಟಪಗಳು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯೆಸನು ಇಲ್ಲಿಯ ಚೆಲುವಾದ ಮನೆಗಳನ್ನೂ, ಅವುಗಳ ಮೊಗಸಾಲೆಗಳಲ್ಲಿ ಯಾತ್ರಿಕರು ತಂಗುತ್ತಿದ್ದುದನ್ನೂ ಬರೆದಿಟ್ಟಿರುವನು. ಎಂದಮೇಲೆ ಈ ಬೀದಿಯು ಬರಿಯ ನೋಟಕ್ಕಾಗಿ ಹುಟ್ಟಿದುದಲ್ಲವೆಂಬುದು ಸ್ಪಷ್ಟವು. 1565ರಲ್ಲಿ ರಾಜಧಾನಿಯು ಹಾಳಾಯಿತು. ಕಾಲಾಂತರದಲ್ಲಿ ಜನರು ಮಂಟಪಗಳ ಕಂಬಗಳ ನಡುವೆ ಗೋಡೆಯಿಟ್ಟು ಸಂಸಾರ ಹೂಡಿದರು, ಯಾತ್ರಿಕರಿಗೆ ಹಣ್ಣುಕಾಯಿ ಮಾರಿದರು.

1986ರಲ್ಲಿ ಯುನೆಸ್ಕೋ ಸಂಸ್ಥೆಯು ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ದೊರೆಯಿತು, ಆದರೆ ಆಡಳಿತವು ಒಂದು ಕೈಯಲ್ಲಿರಲಿಲ್ಲ. ಸ್ಮಾರಕಗಳಲ್ಲಿ ಕೆಲವು ಕೇಂದ್ರದ ಪುರಾತತ್ವ ಇಲಾಖೆಗೆ, ಕೆಲವು ರಾಜ್ಯದ ಇಲಾಖೆಗೆ. ದೇವರ ಪೂಜೆ ಮುಜರಾಯಿಗೆ. ಊರಿನ ವ್ಯವಹಾರ ಪಂಚಾಯಿತಿಗೆ. ಒಬ್ಬರು ಕಾಯುವುದನ್ನು ಮತ್ತೊಬ್ಬರು ಅರಿಯದೆ ಕೆಡಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡುಂಟೆ? ಆನೆಗೊಂದಿಗೆ ತುಂಗಭದ್ರೆಯ ಮೇಲೆ ಸೇತುವೆಯೇಳತೊಡಗಿದುದು ಈ ಸ್ಥಿತಿಯಲ್ಲಿಯೇ. ಹರಿಗೋಲನ್ನೇ ನಂಬಿದ್ದ ಹಳ್ಳಿಗರಿಗೆ ಸೇತುವೆಯ ಅಗತ್ಯವು ನಿಜವಾದುದು. ಸ್ಥಳದ ಆಯ್ಕೆಯು ಮಾತ್ರ ಪ್ರಾಚೀನ ಪರಿಸರದ ನಡುಮಧ್ಯಕ್ಕೆ ಬಿದ್ದಿತು. ಇಂಥ ಕಾಮಗಾರಿಗಳ ದೆಸೆಯಿಂದ 1999ರಲ್ಲಿ ಹಂಪೆಯು ಅಪಾಯಕ್ಕೀಡಾದ ಪರಂಪರೆಗಳ ಪಟ್ಟಿಗೆ ಇಳಿಯಿತು. ಇಡೀ ಪ್ರದೇಶಕ್ಕೆ ಒಂದೇ ನಿರ್ವಹಣಾ ಪ್ರಾಧಿಕಾರವಿರತಕ್ಕದ್ದೆಂದು ರಾಜ್ಯವು 2002ರಲ್ಲಿ ಶಾಸನ ಮಾಡಿತು. 2006ರಲ್ಲಿ ಆ ಪಟ್ಟಿಯಿಂದ ಬಿಡುಗಡೆಯಾಯಿತು. ಸೇತುವೆಯಾದರೋ ಮುಗಿಯುವ ಮುನ್ನವೇ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರ ಪ್ರಾಣಗಳನ್ನು ಕೊಂಡಿತು.

2011ರ ಜುಲೈ ತಿಂಗಳಲ್ಲಿ ರಥಬೀದಿಯ ಮನೆ ಅಂಗಡಿಗಳನ್ನು ಯಂತ್ರಗಳಿಂದ ಕೆಡವಲಾಯಿತು. ಹೊಸ ಗೋಡೆಗಳೂ ಸಿಮೆಂಟೂ ಹಳೆಯ ಕಂಬಗಳಿಗೆ ಹಾನಿಮಾಡುತ್ತಿದ್ದುವೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ರಮವು ತಲೆಕೆಳಗಾಯಿತು. ಯಾವ ಮಂಟಪದಲ್ಲಿ ಯಾರಿರುವರು, ಯಾವ ಗೋಡೆ ಹಳೆಯದು, ಯಾವುದು ನಿನ್ನೆಯದು, ತೆಗೆದರೆ ಯಾವ ತೊಲೆಗೆ ಆಸರೆ ತಪ್ಪುವುದು, ಎದ್ದುಹೋಗುವವರ ಜೀವನೋಪಾಯವೇನು ಎಂಬುದೆಲ್ಲವೂ ಮೊದಲು ಇತ್ಯರ್ಥವಾಗಬೇಕಾಗಿದ್ದಿತು. ಕಡ್ಡಿರಾಂಪುರದಲ್ಲಿ ನಿವೇಶನಗಳು ದೊರೆತುದು ಮನೆಗಳು ನೆಲಕಂಡ ತರುವಾಯ. ಯಾತ್ರಿಕರ ಬೀದಿಯಿಂದ ದೂರದಲ್ಲಿ ನಿವೇಶನವನ್ನು ಪಡೆದ ಅಂಗಡಿಯವನಿಗೆ ನೆಲವು ಸಿಕ್ಕಿತೇ ಹೊರತು ಗಿರಾಕಿಯು ಸಿಕ್ಕಲಿಲ್ಲ.

ಚೈತ್ರಮಾಸದಲ್ಲಿ ತೇರು ಈಗಲೂ ಅದೇ ಬೀದಿಯಲ್ಲಿ ಸಾಗುತ್ತದೆ. ಹಿಂದೆ ಜಗುಲಿಗಳಿಂದ ಅದನ್ನು ನೋಡುತ್ತಿದ್ದ ಮನೆಮಂದಿಯು ಈಗ ಅಲ್ಲಿಲ್ಲ.