ಹ್ಯಾಮ್ ನೆಟ್ ಬೀದಿಗಿಳಿದ ಬಗೆ

ಹವ್ಯಾಸಿ ರೇಡಿಯೊದಲ್ಲಿ ‘ನೆಟ್’ ಎಂದರೆ ಗೊತ್ತುಪಡಿಸಿದ ಹೊತ್ತಿಗೆ, ಗೊತ್ತುಪಡಿಸಿದ ಆವರ್ತನದಲ್ಲಿ ಹಲವು ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ಒಬ್ಬ ನಿಯಂತ್ರಕರ ಅಂಕೆಯಲ್ಲಿ ಸೇರುವ ಕೂಟ. ಫೋನು, ವಿದ್ಯುತ್ತು ಕೈಕೊಟ್ಟಾಗ ಇದೇ ಕೂಟ ಸುದ್ದಿ ಸಾಗಿಸುವ ವ್ಯವಸ್ಥೆಯಾಗುತ್ತದೆ. ನೆರೆಹೊರೆಯ ರಕ್ಷಣಾ ಸ್ವಯಂಸೇವಕರೊಂದಿಗೆ ಇದರ ನಂಟು ಗಟ್ಟಿಯಾಗಿ ಬೆಳೆದದ್ದು ಅಮೆರಿಕದಲ್ಲಿ, ಅದೂ ತಡವಾಗಿ. ಬಹುಕಾಲ ಹ್ಯಾಮ್‌ಗಳ ಗಮನ ದೂರದೂರಿನ ಮೇಲಿತ್ತೇ ಹೊರತು ಪಕ್ಕದ ಬೀದಿಯ ಮೇಲಲ್ಲ.

1913ರ ಮಾರ್ಚ್‌ನಲ್ಲಿ ಒಹಾಯೊ ರಾಜ್ಯದ ನದಿಗಳು ಉಕ್ಕಿ ಟೆಲಿಫೋನ್ ತಂತಿಗಳು ಕಡಿದುಹೋದಾಗ ಹವ್ಯಾಸಿಗಳ ನಿಸ್ತಂತು ಕೇಂದ್ರಗಳು ಸಂದೇಶ ಸಾಗಿಸಿದವು. ಮರುವರ್ಷ ಹಾರ್ಟ್‌ಫರ್ಡ್‌ನ ಹಿರಮ್ ಪರ್ಸಿ ಮ್ಯಾಕ್ಸಿಮ್ ಅವರಿಗೆ ಸುಮಾರು 30 ಮೈಲಿ ಆಚೆಯ ಸ್ಪ್ರಿಂಗ್‌ಫೀಲ್ಡ್‌ಗೆ ನೇರವಾಗಿ ಸಂಪರ್ಕ ಸಿಗಲಿಲ್ಲ. ನಡುವಿನ ಊರಿನ ಹ್ಯಾಮ್ ಒಬ್ಬರ ಮೂಲಕ ಸಂದೇಶ ದಾಟಿಸಿದರು. ಅಲ್ಲಿಂದ ಹುಟ್ಟಿದ್ದು ಅಮೆರಿಕನ್ ರೇಡಿಯೊ ರಿಲೇ ಲೀಗ್. ಲೀಗ್ 1935ರಲ್ಲಿ ತುರ್ತು ದಳವನ್ನೂ 1949ರಲ್ಲಿ ರಾಷ್ಟ್ರೀಯ ಸಂದೇಶ ಸಾಗಣೆ ಜಾಲವನ್ನೂ ಕಟ್ಟಿತು. ಇವೆರಡರ ಮೂಲ ಲೆಕ್ಕಾಚಾರ ಒಂದೇ: ಮುಳುಗಿದ ಊರಿನ ಸುದ್ದಿ ಹೊರಗಿನ ಊರಿಗೆ ಮುಟ್ಟಬೇಕು.

ಊರೊಳಗಿನ ನೆಟ್‌ಗೆ ದಾರಿ ಮಾಡಿದ್ದು ಯುದ್ಧಕಾಲದ ನಿರ್ಬಂಧ ಎನ್ನುವುದು ಸ್ವಲ್ಪ ವಿಚಿತ್ರ. ಪರ್ಲ್ ಹಾರ್ಬರ್ ದಾಳಿಯ ಬಳಿಕ ಹವ್ಯಾಸಿ ಪ್ರಸಾರವೆಲ್ಲ ನಿಂತಿತು. 1942ರಲ್ಲಿ ನಾಗರಿಕ ರಕ್ಷಣೆಗೆಂದು ಆರಂಭವಾದ ಯುದ್ಧ ತುರ್ತು ರೇಡಿಯೊ ಸೇವೆಗೆ ಸಿಕ್ಕಿದ್ದು 112 ಮೆಗಾಹರ್ಟ್ಸ್ ಮತ್ತು ಅದರ ಮೇಲಿನ ಆವರ್ತನಗಳು. ಅಲ್ಲಿನ ಅಲೆಗಳು ಹೆಚ್ಚು ದೂರ ಹೋಗವು. ಹಾಗಾಗಿ ಹ್ಯಾಮ್‌ಗಳು ಊರೊಳಗೇ ಮಾತಾಡಲು ಕಲಿತರು. 1952ರಲ್ಲಿ ಸರ್ಕಾರದ ನಾಗರಿಕ ರಕ್ಷಣಾ ಕಚೇರಿಗಳ ಅಡಿಯಲ್ಲಿ ಪ್ರತ್ಯೇಕ ಹವ್ಯಾಸಿ ಸೇವೆಯೊಂದು ಬಂದಿತು. ಆದರೂ ಉಪಕರಣ ಇನ್ನೂ ಭಾರ, ದುಬಾರಿ. 1960–70ರ ದಶಕಗಳಲ್ಲಿ ಎಫ್‌ಎಂ ಸೆಟ್‌ಗಳೂ ಗುಡ್ಡದ ಮೇಲಿನ ರಿಪೀಟರ್‌ಗಳೂ ಹರಡಿದವು. ಕೈಯಲ್ಲಿ ಹಿಡಿಯುವ ಪುಟ್ಟ ಸೆಟ್ಟಿನ ಮಾತನ್ನು ರಿಪೀಟರ್ ಹಿಡಿದು ಇಡೀ ನಗರಕ್ಕೆ ಮರುಪ್ರಸಾರ ಮಾಡತೊಡಗಿದ ಮೇಲೆ ಬೀದಿಯ ಮಟ್ಟದ ನೆಟ್ ಸಾಧ್ಯವಾಯಿತು.

ಬೀದಿಯಲ್ಲಿ ತರಬೇತಾದ ಜನ ಬಂದದ್ದು ಬೇರೆ ದಿಕ್ಕಿನಿಂದ. 1985ರ ಮೆಕ್ಸಿಕೊ ನಗರದ ಭೂಕಂಪದಲ್ಲಿ ತರಬೇತಿಯಿಲ್ಲದ ಜನ ಅವಶೇಷಗಳಡಿಯಿಂದ ನೂರಾರು ಮಂದಿಯನ್ನು ಉಳಿಸಿದರು. ಆ ಯತ್ನದಲ್ಲಿ ಹಲವರು ತಾವೇ ಸತ್ತರು. ಅದೇ ವರ್ಷ ಲಾಸ್ ಏಂಜಲಿಸ್ ಅಗ್ನಿಶಾಮಕ ಇಲಾಖೆ ಸಾಮಾನ್ಯ ನಾಗರಿಕರಿಗೆ ತರಬೇತಿ ಕೊಡುವ ಯೋಜನೆ ಹೂಡಿತು. 1987ರ ವಿಟಿಯರ್ ನ್ಯಾರೋಸ್ ಭೂಕಂಪ ಅದಕ್ಕೆ ಬಲ ಕೊಟ್ಟಿತು. 1993ರಲ್ಲಿ ಕೇಂದ್ರ ಸರ್ಕಾರದ ತುರ್ತು ನಿರ್ವಹಣಾ ಸಂಸ್ಥೆ ಅದನ್ನು ದೇಶಕ್ಕೆಲ್ಲ ಒಯ್ದಿತು. ಸುಮಾರು 20 ಗಂಟೆಗಳ ಪಾಠದಲ್ಲಿ ಸಣ್ಣ ಬೆಂಕಿ ಆರಿಸುವುದು, ಗಾಯಾಳುಗಳನ್ನು ವಿಂಗಡಿಸುವುದು, ಹಗುರ ಹುಡುಕಾಟ ಸೇರಿವೆ. ಕಂಡದ್ದನ್ನು ಮೇಲಿನವರಿಗೆ ಮುಟ್ಟಿಸುವುದೇ ಹೀಗೆ ತರಬೇತಾದ ತಂಡಗಳ ದೊಡ್ಡ ತೊಡಕಾಗಿತ್ತು. ಹ್ಯಾಮ್‌ಗಳ ಬಳಿ ದಾರಿ ಇತ್ತು, ಬೀದಿಯ ಸುದ್ದಿ ಇರಲಿಲ್ಲ.

ಎಲ್ಲ ಸ್ವಯಂಸೇವಕರೂ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆಯಲಿ ಎನ್ನುವುದು ಆಗದ ಮಾತು. 1996ರಲ್ಲಿ ಪರವಾನಗಿ ಬೇಡದ ಕುಟುಂಬ ರೇಡಿಯೊ ಸೇವೆ ಬಂದಾಗ ಈ ಗಂಟು ಬಿಚ್ಚಿತು. ಅಂಗಡಿಯಲ್ಲಿ ಸಿಗುವ ಅಗ್ಗದ ವಾಕಿಟಾಕಿಯಲ್ಲಿ ಬೀದಿಯ ತಂಡ ಮಾತಾಡುತ್ತದೆ; ಬಡಾವಣೆಯ ಹ್ಯಾಮ್ ಅದನ್ನು ಕೇಳಿಸಿಕೊಂಡು, ಸೋಸಿ, ರಿಪೀಟರ್ ಮೂಲಕ ನಗರದ ತುರ್ತು ಕೇಂದ್ರಕ್ಕೆ ದಾಟಿಸುತ್ತಾರೆ. ಸೋಸುವುದೇ ಇಲ್ಲಿ ಮುಖ್ಯ ಕೆಲಸ. ಹತ್ತು ಮನೆಗಳ ಗಾಬರಿಯ ಮಾತು ಹಾಗೇ ಹೋದರೆ ಚಾನೆಲ್ ತುಂಬಿಹೋಗುತ್ತದೆ. ಎಷ್ಟು ಗಾಯಾಳುಗಳು, ಎಲ್ಲಿ ಅನಿಲ ಸೋರಿಕೆ, ಯಾವ ರಸ್ತೆ ಬಂದ್ ಎಂಬಷ್ಟು ಹೋದರೆ ಸಾಕು. ಯಾರು ಮೊದಲು, ಯಾರು ಆಮೇಲೆ ಎಂದು ನೆಟ್ ನಿಯಂತ್ರಕರು ಹೇಳುತ್ತಾರೆ. ಪ್ರಾಣಾಪಾಯದ ಸಂದೇಶ ಬಂದರೆ ಉಳಿದೆಲ್ಲವೂ ನಿಲ್ಲುತ್ತದೆ. ವಾರಕ್ಕೊಮ್ಮೆ ಹಾಜರಿ ಕೂಗುವ ನೆಟ್ ಹೊರಗಿನವರಿಗೆ ಬೇಸರದ ಆಚರಣೆಯಂತೆ ಕಾಣಬಹುದು. ಆದರೆ ಯಾರ ಧ್ವನಿ ಎಲ್ಲಿಂದ ಎಷ್ಟು ಕೇಳುತ್ತದೆ, ಯಾರ ಬ್ಯಾಟರಿ ಸತ್ತಿದೆ ಎಂಬುದು ಗೊತ್ತಾಗುವುದೇ ಅಲ್ಲಿ.

ಈ ವ್ಯವಸ್ಥೆಗೆ ಮಿತಿಗಳೂ ಇವೆ. ಹ್ಯಾಮ್ ಮಾತನ್ನು ಗುಪ್ತ ಸಂಕೇತದಲ್ಲಿ ಮುಚ್ಚುವಂತಿಲ್ಲ. ಯಾರು ಬೇಕಾದರೂ ಕೇಳಬಹುದು, ಆದ್ದರಿಂದ ಗಾಯಾಳುವಿನ ಹೆಸರನ್ನು ಹೇಳುವಾಗ ಎಚ್ಚರ ಬೇಕು. ಇಂಟರ್‌ನೆಟ್ ಮೂಲಕ ಬೆಸೆದ ರಿಪೀಟರ್‌ಗಳಲ್ಲಿ ಇಂಟರ್‌ನೆಟ್ ಬಿದ್ದರೆ ಆ ಬೆಸುಗೆಯೂ ಹೋಗುತ್ತದೆ. ರೇಡಿಯೊ ಮೂಲಕ ಇ–ಮೇಲ್ ಸಾಗಿಸುವ ವಿನ್‌ಲಿಂಕ್ ಉದ್ದದ ಪಟ್ಟಿಗಳಿಗೆ ಚೆನ್ನ. ಮಾತಿನ ನೆಟ್‌ಗೆ ಅದು ಬದಲಿಯಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಪಶ್ಚಿಮ ಉತ್ತರ ಕೆರೊಲಿನಾದ ಮೊಬೈಲ್ ಜಾಲವನ್ನು ಕೆಡವಿದಾಗ ಮೌಂಟ್ ಮಿಚೆಲ್ ಶಿಖರದ ರಿಪೀಟರ್‌ನಲ್ಲಿ ನಡೆದದ್ದು ಮಾತಿನ ನೆಟ್ಟೇ.

ಭಾರತದಲ್ಲಿ ಈ ಬೆಳವಣಿಗೆ ಬೇರೆ ಜಾಡಿನದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡ ಹವ್ಯಾಸದ ಪ್ರಸಾರಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಲು ಅದು ಕೂಡಲೇ ತೊಡಗಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಪರವಾನಗಿ ಪರೀಕ್ಷೆಗೆ ಜನರನ್ನು ತಯಾರು ಮಾಡುತ್ತ ಬಂದಿದೆ. ಆದರೆ 1978ರಲ್ಲಿ ರೂಪುಗೊಂಡ ಹವ್ಯಾಸಿ ಸೇವೆಯ ನಿಯಮಗಳು ಭೂಕಂಪ, ಪ್ರವಾಹ, ಚಂಡಮಾರುತಗಳ ಹೊತ್ತಿನಲ್ಲಿ ಅನ್ಯರ ಸಂದೇಶ ಸಾಗಿಸಲು ಅನುಮತಿಸಿದ್ದು ಅವು ಜಿಲ್ಲಾಧಿಕಾರಿಯಂಥ ನಾಗರಿಕ ಅಧಿಕಾರಿಯಿಂದ ಹೊರಟು ಅಂಥವರನ್ನೇ ಸೇರುವುದಾದರೆ ಮಾತ್ರ. ಹಾಗಾಗಿ ಇಲ್ಲಿನ ತುರ್ತು ನೆಟ್ ರೂಪುಗೊಂಡದ್ದು ಬೀದಿಯ ಸುತ್ತ ಅಲ್ಲ, ಜಿಲ್ಲಾ ಕಚೇರಿಯ ಸುತ್ತ.